ನಮ್ಮತ್ತೆಯ ನಾಲ್ಕು ಫ್ಲಾಪಿ

ನಮ್ಮತ್ತೆಯ ಮನೆಯ ದೇವರ ಕೋಣೆಗೆ ನೀವು ಚಪ್ಪಲಿ ಮೆಟ್ಟಿಕೊಂಡು ಹೋದರೂ ಒಂದೆರಡು ಬೈಗುಳ ತಿಂದು ಪಾರಾಗಬಹುದು. ಕಂಪ್ಯೂಟರ್ ಕೋಣೆಗೆ ಹೋಗಿ ನೋಡಿ! ಮೊದಲು ಹಿತ್ತಲ ಬಚ್ಚಲಲ್ಲಿ ಕಾಲು ತೊಳೆಯಬೇಕು. ಒರೆಸಬೇಕು. ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ಉಗುರು ತೋರಿಸಬೇಕು. ಆಮೇಲೆ ಬಲಗಾಲಿಟ್ಟು ಒಳಗೆ ಬರಬೇಕು. ಕರೆಂಟಿನ ಮೀಟರು ಇರುವುದೂ ಅದೇ ಕೋಣೆಯಲ್ಲಿ. ಪಾಪ, ಮೀಟರ್ ಓದಲು ಬರುವ ಮನುಷ್ಯ ತಿಂಗಳಿಗೊಮ್ಮೆ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಕಾಲು ತೊಳೆಯುತ್ತಾನೆ. ಇಡೀ ತಿಕೋಟಾದಲ್ಲಿ ಇಷ್ಟು ಮಡಿಯಿಂದ ಓದಿಸಿಕೊಳ್ಳುವ ಮೀಟರು ಇನ್ನೊಂದು ಇರಲಾರದು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಇಪ್ಪತ್ತೈದು ವರ್ಷಗಳ ಹಿಂದೆ, ತಿಕೋಟಾದ ಹೆಣ್ಣುಮಕ್ಕಳು ಕಂಪ್ಯೂಟರನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ಕಂಡಿದ್ದ ಕಾಲದಲ್ಲಿ, ಈಕೆ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮೂರು ಮಷಿನ್ ಇಟ್ಟು ಕ್ಲಾಸು ತೆರೆದಳು. ನಮ್ಮ ಕಡೆ ಸಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ಅಂದಿನಿಂದ ಊರಿಗೆಲ್ಲ ಆಕೆ ಅಕ್ಕೋರೇ. ಕ್ಲಾಸಿನ ನಿಯಮಗಳನ್ನು ಕೇಳಬೇಕು ನೀವು! ಮೊದಲ ವಾರ ಹುಡುಗಿಯರು ಕಂಪ್ಯೂಟರನ್ನು ಮುಟ್ಟುವಂತಿಲ್ಲ, ದೂರದಿಂದ ನೋಡಬೇಕು. ಎರಡನೇ ವಾರ ಮೆತ್ತನೆ ಬಟ್ಟೆಯಿಂದ ಒರೆಸಬಹುದು. ಮೂರನೇ ವಾರ ಸ್ವಿಚ್ಚು. ಕಲಿಕೆ ಶುರುವಾಗುವಷ್ಟರಲ್ಲಿ ಒಂದು ತಿಂಗಳ ಮೇಲಾಗಿರುತ್ತಿತ್ತು. ಹಾಗಿದ್ದೂ ಅಲ್ಲಿ ಕಲಿತವರು ಕಣ್ಣು ಮುಚ್ಚಿಕೊಂಡು ಕನ್ನಡ ಟೈಪ್ ಮಾಡುತ್ತಿದ್ದರು ಎಂದು ಊರವರು ಈಗಲೂ ಹೇಳುತ್ತಾರೆ.

ಕ್ಲಾಸು ಮುಚ್ಚಿ ಎಷ್ಟೋ ವರ್ಷವಾಯಿತು. ಮೂರು ಮಷಿನ್ನುಗಳಲ್ಲಿ ಎರಡು ತಮ್ಮ ಬಿಡಿಭಾಗಗಳನ್ನು ಮೂರನೆಯದಕ್ಕೆ ದಾನ ಮಾಡಿ ಕಣ್ಣು ಮುಚ್ಚಿದವು. ಉಳಿದ ಆ ಒಂದನ್ನು ಅತ್ತೆ ಬಟ್ಟೆ ಹೊದಿಸಿ ಕಾಪಾಡಿಕೊಂಡು ಬಂದಿದ್ದಾಳೆ. ಊರ ಮಂದಿ ಟ್ರ್ಯಾಕ್ಟರಿಗೆ, ಬೈಕಿಗೆ ಅಮಾವಾಸ್ಯೆ ಪೂಜೆ ಮಾಡುವಂತೆ ಈಕೆ ಪ್ರತಿ ಅಮಾವಾಸ್ಯೆಗೆ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅರ್ಧ ತಾಸು ಓಡಿಸಿ ಮಲಗಿಸುತ್ತಾಳೆ.

ಈ ಸಲದ ಅಮಾವಾಸ್ಯೆಗೆ ಅದು ಏಳಲಿಲ್ಲ.

ನಾನು ವಿಜಯಪುರದ ಅಥಣಿ ರಸ್ತೆಯಲ್ಲಿರುವ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಹೊನವಾಡದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಲ್ಯಾಬಿನಲ್ಲಿ ಮೂವತ್ತು ಮಷಿನ್. ಯಾವುದು ಕೆಟ್ಟರೂ ಪೆನ್‌ಡ್ರೈವ್ ಚುಚ್ಚಿ ಚಹಾ ಕುಡಿದು ಬರುವಷ್ಟರಲ್ಲಿ ಸರಿಮಾಡಿಬಿಡುತ್ತೇನೆ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕಿನ ಮಧ್ಯಾಹ್ನವೊಂದರಲ್ಲಿ ಫೋನ್ ಬಂತು.

"ಎಲ್ಲಿದ್ದೀ ಬೇ?"

"ಲ್ಯಾಬಿನಾಗ ಅದೇನಿ ಅತ್ತೀ. ಯಾಕ?"

"ಮಷಿನ್ ಏಳವಲ್ದು! ಪೂಜಿ ಮಾಡಿದೆ, ಕಾಯಿ ಒಡದೆ, ಸ್ವಿಚ್ ಒತ್ತಿದೆ. ಕರೀ ಪರದೆ ಮ್ಯಾಲೆ ಬಿಳಿ ಅಕ್ಷರದಾಗ ಏನೋ ಬೈದು ಸುಮ್ನ ಕುಂತೈತಿ."

"ಕಾಯಿ ಎಲ್ಲಿ ಒಡದಿ?"

ಆ ಕಡೆಯಿಂದ ಬಟ್ಟೆಯಲ್ಲಿ ಏನನ್ನೋ ಒರೆಸುವ ಸದ್ದು ಬಂತು.

"ದೂರ ಒಡದೇನಿ."

"ಎಷ್ಟ ದೂರ?"

"ಅದನ್ನೆಲ್ಲಾ ಈಗ ಕೇಳಬ್ಯಾಡ! ವಿಂಡೋಸ್ ಕೆಟ್ಟೈತಿ. ಹೊಸದಾಗಿ ಹಾಕೂಣು. ಬೂಟ್ ಫ್ಲಾಪಿ ತಯಾರ ಮಾಡಬೇಕು. ಗುರುವಾರ ಮುಂಜಾನಿ ಹತ್ತಕ್ಕ ಮಷಿನ್ ಎದ್ದಿರಬೇಕು. ರಜಾ ಹಾಕಿ ಬಾ."

ಹೊಸದಾಗಿ ಎಂದರೆ ಹೊಸ ವಿಂಡೋಸ್ ಎಂದು ತಿಳಿಯಬೇಡಿ. ಎರಡು ಸಾವಿರದ ಇಸವಿಯ, ಅದೇ ಹಳೆಯ ವಿಂಡೋಸನ್ನೇ ಹೊಸದಾಗಿ ಹಾಕುವುದು! ಆ ಗುರುವಾರ ನನ್ನ ಹುಟ್ಟುಹಬ್ಬ ಬೇರೆ. ಗೆಳತಿಯರ ಜೊತೆ ಗೋಳಗುಮ್ಮಟದ ಕಡೆ ಸುತ್ತಲೆಂದು ಕಾದಿಟ್ಟ ರಜೆ ಅದು. ಏನು ಮಾಡುವುದು? ಪ್ರಾಚಾರ್ಯರಿಗೆ ಅರ್ಜಿ ಬರೆದೆ: "ಅತ್ತೆಯ ಮನೆಯಲ್ಲಿ ಹಿರಿಯರೊಬ್ಬರು ಏಳುತ್ತಿಲ್ಲವಾದ್ದರಿಂದ…" ಅವರು ಅದನ್ನು ಓದಿ, ಕನ್ನಡಕ ತೆಗೆದು, ಎರಡು ನಿಮಿಷ ಮೌನವಾಗಿದ್ದು ಸಹಿ ಹಾಕಿದರು. ನಾನು ಬರೆದದ್ದರಲ್ಲಿ ಸುಳ್ಳು ಎಲ್ಲಿದೆ ಹೇಳಿ?

ಮನೆಗೆ ಸುದ್ದಿ ತಿಳಿಸಿದೆ. ನಮ್ಮವ್ವನ ಉತ್ತರ ವಾಟ್ಸಾಪಿನಲ್ಲಿ ಬಂತು. ಅವ್ವನ ವಾಟ್ಸಾಪಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಉಳಿದವರ ಅವ್ವಂದಿರು ಹೂವಿನ ಚಿತ್ರ ಕಳಿಸುತ್ತಾರೆ, ಶುಭೋದಯ ಅನ್ನುತ್ತಾರೆ. ನಮ್ಮವ್ವ ಕಳಿಸುವುದು ಹೀಗೆ:

"ಇವರಿಗೆ: ಮಗಳು. ವಿಷಯ: ಅತ್ತೆಯ ಮನೆಯಲ್ಲಿ ಉಳಿಯುವ ಬಗ್ಗೆ. ಉಲ್ಲೇಖ: ನಿನ್ನ ಇಂದಿನ ಫೋನು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಅಕ್ಕೋರು ಹೇಳಿದಂತೆ ಕೇಳತಕ್ಕದ್ದು. ಬರುವಾಗ ಮೆಂತೆಪಲ್ಲೆ ತರತಕ್ಕದ್ದು. ಸಹಿ/- ಅವ್ವ."

ಒಂದು ಕಾಗುಣಿತದ ತಪ್ಪಿಲ್ಲ! ಅಪ್ಪ ಪಂಚಾಯಿತಿಯಿಂದ ತರುವ ನೋಟಿಸುಗಳನ್ನು ಓದಿ ಓದಿ ಹೀಗಾಗಿರಬೇಕು ಎಂದುಕೊಂಡಿದ್ದೆ. ಇದನ್ನು ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. "ನಿಮ್ಮವ್ವ ಮನಿಯಾಗ ಅದಾಳೋ ತಹಶೀಲ್ದಾರ ಆಫೀಸಿನಾಗೋ?" ಎಂದು ಗೆಳತಿಯರು ಕೇಳುತ್ತಾರೆ.

ತಿಕೋಟಾ ಮುಟ್ಟಿದೆ. ಕಾಲು ತೊಳೆದೆ. ಉಗುರು ತೋರಿಸಿದೆ. ನನ್ನ ಬೆನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಅದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ಬಿಟ್ಟುಕೊಂಡಳು.

"ಅತ್ತೀ, ಖರೇ ಹೇಳು. ಈ ಮುದುಕನ್ನ ಎಬ್ಬಿಸಿ ಏನ ಮಾಡ್ತೀ? ಗುರುವಾರ ಏನೈತಿ?"

ಅತ್ತೆ ಕಪಾಟಿನಿಂದ ಕ್ಲಾಸಿನ ರಜಿಸ್ಟರು ತೆಗೆದಳು. ಹೆಸರುಗಳಿದ್ದ ಸಾಲಿನ ಮೇಲೆ ಅಂಗೈ ಮುಚ್ಚಿ, ನಂಬರು ಮತ್ತು ಷರಾ ಮಾತ್ರ ಕಾಣುವಂತೆ ಹಿಡಿದಳು. ಮೊದಲ ಬ್ಯಾಚು. ಒಂದರಿಂದ ಹದಿನೈದರವರೆಗೆ ಎಲ್ಲರ ಮುಂದೆ ಕೆಂಪು ಶಾಯಿಯಲ್ಲಿ "ಪಾಸು". ಹದಿನಾರರ ಮುಂದೆ ಖಾಲಿ.

"ಈಕಿದೊಂದು ಪರೀಕ್ಷೆ ಬಾಕಿ ಉಳದೈತಿ. ಗುರುವಾರ ಬರಾಕತ್ತಾಳ."

"ಯಾರದು?"

"ನಂಬರ ಹದಿನಾರು."

"ಹೆಸರ ಕೇಳಿದೆ ಅತ್ತೀ!"

"ಪರೀಕ್ಷೆ ಮುಗಿಯೂತನಾ ಹೆಸರ ಹೇಳಂಗಿಲ್ಲ. ಅದು ನಿಯಮ." ರಜಿಸ್ಟರು ಪಟ್ಟನೆ ಮುಚ್ಚಿತು.

ನನಗೆ ನಗು ತಡೆಯಲಾಗಲಿಲ್ಲ. ಕ್ಲಾಸೇ ಇಲ್ಲ, ಪರೀಕ್ಷೆಯಂತೆ! "ಇಷ್ಟ ವರ್ಷಾದ ಮ್ಯಾಲೆ ನಿನ್ನ ಸರ್ಟಿಫಿಕೇಟ ಯಾರ ಕೇಳ್ತಾರ? ಹೋಗಲಿ, ನನ್ನ ಲ್ಯಾಪ್‌ಟಾಪಿನಾಗ ಪರೀಕ್ಷೆ ತಗೊಂಡ ಮುಗಿಸು."

"ಚಕ್ಕಡಿ ಹೊಡಿಯೂದು ಕಲಿತಾಕಿಗೆ ವಿಮಾನದಾಗ ಕುಂದ್ರಿಸಿ ಪರೀಕ್ಷೆ ತಗೋತಾರೇನಬೇ? ನಾವು ಕಲಿಸಿದ ಕನ್ನಡ ಟೈಪಿಂಗ ಈ ವಿಂಡೋಸಿನಾಗ ಅಷ್ಟ ನಡೀತೈತಿ. ಆಕಿ ಬೆರಳಿಗೆ ಈ ಕೀಲಿಮಣಿ ಗೊತ್ತು. ನಾ ಮಾತ ಕೊಟ್ಟೇನಿ. ಇದ ಮಷಿನ್, ಇದ ಕುರ್ಚಿ, ಇದ ಪರೀಕ್ಷೆ." ಆಕೆಯ ದನಿ ಸಣ್ಣಗಾಯಿತು. "ಈ ಸಲ ಆಗಲಿಲ್ಲಂದ್ರ ಆಕಿ ಮತ್ತ ಬರಂಗಿಲ್ಲ. ಭಾಳ ಸಂಕೋಚದ ಹೆಣಮಗಳು."

ಅಲ್ಲಿಗೆ ವಾದ ಮುಗಿಯಿತು. ಲೆಕ್ಕ ಹೀಗಿತ್ತು: ಆ ಕಾಲದ ಈ ಮಷಿನ್ನಿಗೆ ಸಿಡಿಯ ಮಾತು ಕೇಳಿ ತಾನಾಗಿ ಏಳುವ ವಿದ್ಯೆ ಗೊತ್ತಿಲ್ಲ. ಮೊದಲು ಬೂಟ್ ಫ್ಲಾಪಿ, ಅಂದರೆ ಪೆನ್‌ಡ್ರೈವ್ ಹುಟ್ಟುವ ಮುಂಚಿನ ಅಂಗೈಯಗಲದ ಚೌಕ ಡಿಸ್ಕು, ಹಾಕಿ ತಟ್ಟಿ ಎಬ್ಬಿಸಬೇಕು. ಅದೂ ಒಂದಲ್ಲ, ನಾಲ್ಕು, ಒಂದರ ಹಿಂದೊಂದು. ಎದ್ದ ಮೇಲೆ ಸಿಡಿಯಿಂದ ವಿಂಡೋಸ್ ಹಾಕಬೇಕು. ಆ ನಾಲ್ಕು ಫ್ಲಾಪಿಯನ್ನು ತಯಾರಿಸುವುದಕ್ಕೂ ಅದೇ ಸಿಡಿ ಬೇಕು. ಅತ್ತೆಯ ಹಳೆಯ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಸಿಡಿ? ಅತ್ತೆ ಹೆಮ್ಮೆಯಿಂದ ಕಪಾಟಿನ ಮೇಲಿನ ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು.

ಡಬ್ಬಿ ಖಾಲಿ.

ಸಿಡಿಗಳು ಎಲ್ಲಿ ಹೋಗಿದ್ದವು ಗೊತ್ತೇ? ನಮ್ಮ ಮಾವನ ದ್ರಾಕ್ಷಿ ತೋಟಕ್ಕೆ! ಮಾವ ಘೋಣಸಗಿಯಲ್ಲಿ ದ್ರಾಕ್ಷಿ ಬೆಳೆಯುವವರು. ಮಾತು ಕಡಿಮೆ, ದಿನಕ್ಕೆ ಹನ್ನೆರಡು ಮಾತು, ಅದರಲ್ಲಿ ಆರು "ಹೂಂ". ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ಹಕ್ಕಿಗಳ ಕಾಟ. ಸಿಡಿಗಳನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆದು ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಅದಕ್ಕೆಂದು ಹದಿನೈದು ದಿನದ ಹಿಂದೆ ಮಾವ ಸದ್ದಿಲ್ಲದೆ ಡಬ್ಬಿ ಖಾಲಿ ಮಾಡಿದ್ದರು.

"ಏನ್ರೀ! ನನ್ನ ವಿಂಡೋಸ್ ಒಯ್ದು ಬಳ್ಳಿಗೆ ಕಟ್ಟೀರಿ?"

"ಹೂಂ."

"ಯಾವ ಬಳ್ಳಿಗೆ?"

ಮಾವ ತೋಟದ ಕಡೆ ಒಮ್ಮೆ ಕೈ ಬೀಸಿದರು. ಎರಡು ಎಕರೆ ಅದು.

ಸೋಮವಾರ ಇಡೀ ದಿನ ನಾನು, ಅತ್ತೆ ಸಾಲುಸಾಲಾಗಿ ತಲೆ ಎತ್ತಿಕೊಂಡು ತಿರುಗಿದೆವು. ಬಳ್ಳಿಯ ಕೆಳಗೆ ಬಗ್ಗಿ ನಡೆಯಬೇಕು, ಸಿಡಿಯ ಮೇಲಿನ ಬರಹ ಓದಲು ಕತ್ತು ಎತ್ತಬೇಕು. ಭಜನೆಯ ಸಿಡಿ ಸಿಕ್ಕಿತು. ಯಾರದೋ ಲಗ್ನದ ಸಿಡಿ ಸಿಕ್ಕಿತು. ಸಾವಯವ ಗೊಬ್ಬರದ ಮಾಹಿತಿ ಸಿಕ್ಕಿತು. ಹದಿಮೂರನೇ ಸಾಲಿನಲ್ಲಿ "ಜಾವಳ ಕಾರ್ಯಕ್ರಮ" ಎಂಬುದೊಂದು ಗಾಳಿಗೆ ಗಿರಗಿರನೆ ತಿರುಗುತ್ತಿತ್ತು. ಓದಿ ನೋಡಿದರೆ ನನ್ನದೇ ಜಾವಳ! ಮೊದಲ ಸಲ ತಲೆ ಬೋಳಿಸಿಕೊಂಡು ಅಳುವ ನನ್ನನ್ನು ತೋರಿಸಿ ಮಾವ ಹಕ್ಕಿ ಓಡಿಸುತ್ತಿದ್ದರು.

"ಆ ಸಾಲಿನಾಗ ಒಂದ ಹಕ್ಕೀನೂ ಬಂದಿಲ್ಲ," ಅಂದರು ಮಾವ. ಅವತ್ತಿನ ಅವರ ಅತಿ ಉದ್ದದ ಮಾತು ಅದು.

ಸಂಜೆ ನಾಲ್ಕಕ್ಕೆ ಅತ್ತೆ ಕಿರುಚಿದಳು. "ಸಿಕ್ತು! ಸಿಕ್ತ ಬೇ! ಇಲ್ಲೈತಿ ನಮ್ಮಪ್ಪ!" ಧೂಳು, ಔಷಧಿ ಸಿಂಪಡಿಸಿದ ಕಲೆ, ಮೇಲೊಂದು ಹಕ್ಕಿಯ ಹಿಕ್ಕೆ. ಅಂಜುವ ಬದಲು ಅದರ ಮೇಲೇ ಕುಳಿತು ಹೋಗಿದ್ದ ಆ ಧೈರ್ಯವಂತ ಹಕ್ಕಿಗೆ ಏನು ಹೇಳಬೇಕು? ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದು, ತೊಳೆದು, ಗೀರುಗಳ ಮೇಲೆ ವಿಭೂತಿ ಉದುರಿಸಿ ಬೆರಳಿನಿಂದ ಮೆಲ್ಲಗೆ ತಿಕ್ಕಿದಳು. "ಇದರಿಂದ ಸಿಡಿ ಓದತೈತಿ ಅಂತ ಯಾವ ಪುಸ್ತಕದಾಗ ಬರದಾರ?" ಎಂದು ನಾನು ಕೇಳಿದೆ. "ಇಬತ್ತಿ ತಿಕ್ಕಿದ್ರ ಬೆಳ್ಳಿ ದೀಪಾ ಹೊಳೀತಾವ, ಇದ್ಯಾವ ಲೆಕ್ಕ?" ಅಂದಳು. ಮಷಿನ್ನಿನ ಸಿಡಿ ತಟ್ಟೆಗೆ ಹಾಕಿದರೆ ಹಸಿರು ದೀಪ ಮಿಣುಕಿತು, ತಟ್ಟೆ ಒಳಗೆ ಗುಂಯ್ ಎಂದು ತಿರುಗಿತು. ಅಷ್ಟಕ್ಕೇ ಇಬ್ಬರೂ ಕುಣಿದೆವು.

ಮಂಗಳವಾರ ಫ್ಲಾಪಿಯ ಬೇಟೆ. ವಿಜಯಪುರದಲ್ಲಿ ಐದು ಕಂಪ್ಯೂಟರ್ ಅಂಗಡಿ ತಿರುಗಿದೆವು. ಐದನೆಯವನು ಮಾತ್ರ ನಗಲಿಲ್ಲ. "ಅಕ್ಕಾರ, ಹ್ವಾದ ದೀಪಾವಳಿಗೆ ಅಂಗಡಿ ಝಾಡಿಸಿದಾಗ ಡಬ್ಬಿಗಟ್ಟಲೆ ಒಗದ್ವಿರಿ," ಅಂದ. ಅತ್ತೆ ಅವನನ್ನು ಹೇಗೆ ನೋಡಿದಳೆಂದರೆ, ಅವನು ಕರುವನ್ನೋ ಕೂಸನ್ನೋ ಬೀದಿಗೆ ಬಿಟ್ಟುಬಂದ ಹಾಗೆ! "ಪಾಪ ಹತ್ತತೈತಿ ನಿನಗ," ಅಂದಳು. ಅವನು ನಿಜಕ್ಕೂ ಹೆದರಿ, ಪ್ರಾಯಶ್ಚಿತ್ತಕ್ಕೆಂಬಂತೆ ಒಂದು ವಿಳಾಸ ಕೊಟ್ಟ: ಬಬಲೇಶ್ವರದಲ್ಲಿ ಒಂದು ಎಂಬ್ರಾಯ್ಡರಿ ಅಂಗಡಿ. ಜಂಪರಿನ ಮೇಲೆ ಹೂವು ಬಳ್ಳಿ ಹೊಲಿಯುವ ಅವನ ಹಳೇ ಮಷಿನ್ನು ಇನ್ನೂ ಫ್ಲಾಪಿಯಿಂದಲೇ ಚಿತ್ರ ಓದುತ್ತದೆಯಂತೆ.

ಬಬಲೇಶ್ವರದ ಬಸ್ಸು ಹಿಡಿದೆವು. ಅಂಗಡಿಯಾತ ಒಳ್ಳೆಯ ಮನುಷ್ಯ. ಅತ್ತೆ "ಫ್ಲಾಪಿ" ಎಂದ ಕೂಡಲೇ ಎದ್ದು ನಿಂತು ಕುರ್ಚಿ ಕೊಟ್ಟ. ಒಂದೇ ರೋಗ ಇದ್ದ ಇಬ್ಬರು ದವಾಖಾನೆಯಲ್ಲಿ ಭೇಟಿಯಾದಂತಿತ್ತು ಅದು. ಅವನ ಬಳಿ ಮೂರು ಖಾಲಿ ಫ್ಲಾಪಿ ಇದ್ದವು. ಚಿತ್ರ ಜೋಡಿಸುವ ಅವನ ಹಳೇ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ತಟ್ಟೆಯೂ ಇತ್ತು, ಫ್ಲಾಪಿ ಹಾಕುವ ಬಾಯಿಯೂ ಇತ್ತು. ನಾನು ವಿಭೂತಿ ಹಚ್ಚಿದ ಸಿಡಿ ಹಾಕಿ, ಆಜ್ಞೆ ಟೈಪ್ ಮಾಡಿ, ಉಸಿರು ಬಿಗಿ ಹಿಡಿದೆ. ಓದಿತು! ಗರ್ ಗರ್ ಕಟಕ್, ಗರ್ ಗರ್ ಕಟಕ್. ಒಂದನೆಯದು ಆಯಿತು. ಎರಡನೆಯದು ಆಯಿತು. ಮೂರನೆಯದೂ ಆಯಿತು! ಅತ್ತೆ ಒಂದೊಂದರ ಮೇಲೂ ಕುಂಕುಮದ ಬೊಟ್ಟು ಇಟ್ಟಳು: ಒಂದಕ್ಕೆ ಒಂದು ಬೊಟ್ಟು, ಎರಡಕ್ಕೆ ಎರಡು, ಮೂರಕ್ಕೆ ಮೂರು.

"ಇನ್ನೊಂದ ಕೊಡಪಾ."

"ಇನ್ನ ಇಲ್ರಿ ಅಕ್ಕೋರ."

"ಮತ್ತ ಆ ಮಷಿನ್ನಿನಾಗ ಇರೂದು?"

ಅವನು ಎದೆಗೆ ಕೈ ಇಟ್ಟುಕೊಂಡ. "ಅದರಾಗ ನವಲ ಐತ್ರಿ! ನಾಕ ವರ್ಷದಿಂದ ಬಬಲೇಶ್ವರದಾಗ ಲಗ್ನಾದ ಎಲ್ಲಾ ಮದಮಗಳ ಜಂಪರಿನ ಮ್ಯಾಲೆ ಇದ ನವಲ ಕುಂತೈತ್ರಿ. ಅಳಿಸಿದ್ರ ನಾ ಎಲ್ಲಿಂದ ತರಲಿ?"

ನಾನು ಆ ಕೂಡಲೇ ನವಿಲನ್ನು ಅವನ ಕಂಪ್ಯೂಟರಿಗೆ ನಕಲು ಮಾಡಿಕೊಡುತ್ತೇನೆ, ಆಮೇಲೆ ಬೇರೆ ಫ್ಲಾಪಿಗೆ ಹಾಕಿಕೊಳ್ಳಬಹುದು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಅತ್ತೆ ಎದ್ದು ಅವನ ಮುಂದೆ ನಿಂತಳು. "ನೋಡಪಾ, ನನ್ನ ಹಂತ್ಯಾಕ ಕಲಿತಾಕಿ ಒಬ್ಬಾಕಿ ಪರೀಕ್ಷೆಗೆ ಕುಂದರವಳದಾಳ. ಇಪ್ಪತ್ತೈದ ವರ್ಷ ಕಾದಾಳ. ಗುರುವಾರ ತಪ್ಪಿದ್ರ ಆಕಿ ಮನಸ ಮುರೀತೈತಿ. ನಿನ್ನ ನವಲ ನಿನ್ನ ಹಂತ್ಯಾಕನ ಇರತೈತಿ. ನನ್ನ ಮಾತ ನಂಬು."

ಅವನು ಹೊಲಿಗೆ ಮಷಿನ್ನಿನ ಮೇಲೆ ಒಮ್ಮೆ ಕೈಯಾಡಿಸಿದ. "ಹಂಗಾರ ಅಳಿಸೂಕಿಂತ ಮೊದಲ ಕಡೀ ಸಲ ಒಂದ ಹೊಲಿದಬಿಡ್ತೀನ್ರಿ. ಅರಿಬಿ ಏನರೆ ಐತೇನ್ರಿ?" ಅಂದ. ಅತ್ತೆಯ ಚೀಲದಲ್ಲಿ ಫ್ಲಾಪಿ ಸುತ್ತಿಕೊಳ್ಳಲೆಂದು ತಂದಿದ್ದ ಕಂಪ್ಯೂಟರಿನ ಹೊದಿಕೆಯಿತ್ತು. ಅದರ ಮೇಲೆ ಮುಕ್ಕಾಲು ತಾಸು ಮಷಿನ್ನು ಟಕಟಕ ಕುಣಿದು, ಹಸಿರು ನೀಲಿ ಗರಿಬಿಚ್ಚಿದ ನವಿಲೊಂದು ಬಂದು ಕುಳಿತಿತು. ಆಮೇಲೆ ನಾನು ನಕಲು ಮಾಡಿ ತೋರಿಸಿದೆ, ಅವನು ಕಣ್ಣು ಮುಚ್ಚಿಕೊಂಡು ಫ್ಲಾಪಿ ಕೊಟ್ಟ, ನಾಲ್ಕನೆಯದಕ್ಕೆ ನಾಲ್ಕು ಬೊಟ್ಟು ಬಿದ್ದವು.

ಬರುವಾಗ ಬಸ್ಸಿನಲ್ಲಿ ನಡೆದದ್ದು ಕ್ಷಮಿಸಲಾರದಂಥದ್ದು. ಫ್ಲಾಪಿಗೆ ಅಯಸ್ಕಾಂತ ಆಗದು ಎಂಬುದು ಅತ್ತೆಯ ಮೂಲಮಂತ್ರ. ಮೊಬೈಲಿನ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ. ಆದ್ದರಿಂದ ಸುತ್ತಲಿನ ನಾಲ್ಕು ಸೀಟಿನವರೂ ಮೊಬೈಲನ್ನು ಹಿಂದಿನ ಸೀಟಿಗೆ ದಾಟಿಸಬೇಕು! ಅಕ್ಕೋರ ದನಿಯಲ್ಲಿ ಹೇಳಿದ್ದರಿಂದಲೋ ಏನೋ, ದಾಟಿಸಿದರು. ಪಕ್ಕದ ಸೀಟಿನ ಅಜ್ಜ ಚಿಂತೆಯಿಂದ ಕೇಳಿದ:

"ಯವ್ವಾ, ನನ್ನ ಸೊಂಟದಾಗ ಬೆಳ್ಳಿ ಉಡದಾರ ಐತಿ. ನಡೀತೈತೇನು?"

ಅತ್ತೆ ಗಂಭೀರವಾಗಿ ಯೋಚಿಸಿದಳು. "ಬೆಳ್ಳಿ ನಡೀತೈತ್ರಿ ಯಪ್ಪಾ. ಆದ್ರೂ ಒಂದೀಟ ಆಚೆ ಸರೀರಿ."

ಬುಧವಾರ ಮಧ್ಯಾಹ್ನ ಮುಹೂರ್ತ. ಒಂದು ಬೊಟ್ಟಿನ ಫ್ಲಾಪಿ ಒಳಗೆ ಹೋಯಿತು. ಕರೀ ಪರದೆ ನೀಲಿಯಾಯಿತು! "ಕಣ್ಣ ತಗದಾನ!" ಅತ್ತೆ ನನ್ನ ಮುಂಗೈ ಹಿಡಿದದ್ದು ಬಳೆ ಒಡೆಯುವ ಹಾಗಿತ್ತು. ಎರಡನೆಯದನ್ನು ಕೇಳಿತು, ಕೊಟ್ಟೆವು. ಮೂರನೆಯದನ್ನು ಕೇಳಿತು, ಕೊಟ್ಟೆವು. ನಾಲ್ಕನೆಯದು ಬಾಯಿಗೆ ಹೋಗಿ ಒಂದು ಗರ್ ಅನ್ನುವಷ್ಟರಲ್ಲಿ ಕರೆಂಟು ಹೋಯಿತು! ಮತ್ತೆ ಒಂದರಿಂದ. ಎರಡನೇ ಸಲ ನಾಲ್ಕನೆಯದು ಓದುತ್ತ ಓದುತ್ತ ನಿಂತುಬಿಟ್ಟಿತು. "ನವಲ ಬಿಡವಲ್ದು," ಎಂದು ಅತ್ತೆ ನಿಟ್ಟುಸಿರುಬಿಟ್ಟಳು. ಫ್ಲಾಪಿ ತೆಗೆದು ಉಫ್ ಎಂದು ಊದಿ ಮತ್ತೆ ಹಾಕಿದೆ. ಗರ್ ಗರ್… ಗರ್ ಗರ್… ಕಟಕ್! ಓದಿತು! ಅಲ್ಲಿಂದ ಮುಂದೆ ಸಿಡಿಯ ಸರದಿ. ಹಳದಿ ಪಟ್ಟಿ ಇಂಚಿಂಚು ತೆವಳುವುದನ್ನು ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಕುಳಿತು, ಚಹಾ ಆರಿಸಿಕೊಂಡು ನೋಡಿದೆವು. ಲ್ಯಾಬಿನಲ್ಲಿ ಮೂವತ್ತು ಮಷಿನ್ ಒಂದೇ ದಿನ ಸರಿಮಾಡಿದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಪರದೆಯ ಮೇಲೆ ವಿಂಡೋಸ್ ಪೂರ್ತಿ ಬಂದಾಗ ಅತ್ತೆ ಓಡಿಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಸುರಿದಳು. ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ, ಮಾವನ ಕಣ್ಣಿಗೆ ಬೀಳದಂತೆ ಇಟ್ಟಿದ್ದ ಕನ್ನಡ ಟೈಪಿಂಗಿನ ಸಿಡಿಯೂ ಹೊರಬಂತು. ಅದನ್ನೂ ಹಾಕಿದೆವು. ಮಷಿನ್ನಿನ ಒಳಗಿನ ಸಣ್ಣ ಬ್ಯಾಟರಿ ಎಂದೋ ಸತ್ತಿದ್ದರಿಂದ ಅದರ ತಾರೀಖು ಹಿಂದಕ್ಕೆ ಓಡಿ ಎರಡು ಸಾವಿರದ ಇಸವಿಯ ಜನವರಿಯಲ್ಲಿ ಕುಳಿತಿತ್ತು. ನಾನು ಸರಿಮಾಡಲು ಹೋದರೆ ಅತ್ತೆ ಕೈಮೇಲೆ ಹೊಡೆದಳು.

"ಇರಲಿ ಬಿಡು."

"ಅತ್ತೀ, ಇದರ ಪ್ರಕಾರ ನಾ ಇನ್ನೂ ಹುಟ್ಟೇ ಇಲ್ಲ!"

"ಅದ ಚೊಲೋ ಆತು," ಅಂದಳು ಅತ್ತೆ. ನನಗೆ ಸಿಟ್ಟು ಬಂತು. ನಾಳೆ ನನ್ನ ಹುಟ್ಟುಹಬ್ಬ ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಮಾವ ಬಾಗಿಲಲ್ಲಿ ಬಂದು ನಿಂತರು. "ಮುಗೀತಲ್ಲ? ಆ ಸಿಡಿ ಕೊಡ್ರಿ. ಹಕ್ಕಿ ಬಂದಾವ."

ಗುರುವಾರ ಹತ್ತಕ್ಕೆ ಹತ್ತು ನಿಮಿಷ. ನವಿಲಿನ ಹೊದಿಕೆ ಹೊದ್ದು ಮಷಿನ್ನು ಕಾಯುತ್ತಿತ್ತು. ಹದಿನಾರನೇ ನಂಬರಿನ ಪುಣ್ಯಾತ್ಗಿತ್ತಿ ಹೇಗಿರಬಹುದೆಂದು ನೋಡಲು ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಹೊನವಾಡದ ಬಸ್ಸು ಬಂತು. ನಮ್ಮವ್ವ ಇಳಿದಳು! ಕೈಯಲ್ಲಿ ಚೀಲ. ನನ್ನ ಸಿಟ್ಟೆಲ್ಲ ಇಳಿಯಿತು. ಹುಟ್ಟುಹಬ್ಬಕ್ಕೆ ಹೋಳಿಗೆ ಮಾಡಿಕೊಂಡು ಇಷ್ಟು ದೂರ ಬಂದಿದ್ದಾಳಲ್ಲ! "ಅವ್ವಾ!" ಎಂದು ಎದ್ದು ಚೀಲಕ್ಕೆ ಕೈ ಚಾಚಿದೆ.

ಅವ್ವ ಚೀಲ ಕೊಡಲಿಲ್ಲ. ನನ್ನ ತಲೆ ಸವರಿ, ನೇರ ಹಿತ್ತಲಿಗೆ ಹೋದಳು. ಕಾಲು ತೊಳೆದಳು. ಒರೆಸಿಕೊಂಡಳು. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿದಳು. ಹೊಲದ ಕೆಲಸಕ್ಕೆ ಒರಟಾದ ಬೆರಳುಗಳು, ಆದರೆ ಉಗುರನ್ನು ನೀಟಾಗಿ ಕತ್ತರಿಸಿಕೊಂಡು ಬಂದಿದ್ದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಉಗುರು ನೋಡಿದಳು.

"ನಂಬರ ಹದಿನಾರು?"

"ಹಾಜರ ಅದೇನ್ರಿ, ಅಕ್ಕೋರ."

ಅವ್ವ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಾಲ್ ಟಿಕೆಟು ತೆಗೆದುಕೊಟ್ಟಳು. ಮೂಲೆಯಲ್ಲಿ ಅವಳದೇ ಫೋಟೋ, ಎರಡು ಜಡೆ, ಇಪ್ಪತ್ತರ ಹುಡುಗಿ. ಪರೀಕ್ಷೆಯ ತಾರೀಖು ಓದಿದೆ. ಅದು ನಾನು ಹುಟ್ಟಿದ ತಾರೀಖು.

ನನ್ನ ಮುಖ ನೋಡಿ ಅತ್ತೆಯೇ ಹೇಳಿದಳು. "ಒಂದ ದಿನ ತಡದ ಬರಾಕ ಏನಾಗಿತ್ತಬೇ ನಿನಗ? ಪರೀಕ್ಷೆ ದಿನಾನ ನಸುಕಿನ್ಯಾಗ ಬಂದಿ. ಇಕಿ ಹಾಲ್ ಟಿಕೇಟ ಕೈಯಾಗ ಹಿಡಕೊಂಡ ಹೆರಿಗೀಗೆ ಹೋದಳು. ನಿನ್ನ ಪರೀಕ್ಷೆ ಹಂಗ ಇಟ್ಟಿರ್ತೀನಿ, ಯಾವಾಗರೆ ಬಾ ಅಂತ ಮಾತ ಕೊಟ್ಟೆ. ಮೊದಲ ನಿನ್ನ ಬಾಣಂತನ, ಆಮ್ಯಾಲ ನಿನ್ನ ಜಡ್ಡು, ಆಮ್ಯಾಲ ನಿನ್ನ ಸಾಲಿ, ನಿನ್ನ ಕಾಲೇಜು. ಹ್ವಾದ ತಿಂಗಳ ನಿನ್ನ ನೌಕರಿ ಕಾಯಂ ಆತಲ್ಲ, ಮರುದಿನಾನ ಬಂದಳು. ಅಕ್ಕೋರ, ಈಗ ನನ್ನ ಪರೀಕ್ಷೆ ತಗೋರಿ ಅಂದಳು."

ಪ್ರಶ್ನೆಪತ್ರಿಕೆಯ ಲಕೋಟೆಗೆ ಅಂದು ಹಾಕಿದ ಅರಗು ಹಾಗೆಯೇ ಇತ್ತು. ಅತ್ತೆ ಒಡೆದು ಓದಿದಳು: "ಸೂಕ್ತ ಕಾರಣ ನೀಡಿ, ರಜೆ ಕೋರಿ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ಪತ್ರವನ್ನು ಬೆರಳಚ್ಚು ಮಾಡಿರಿ."

ಅವ್ವ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು. ಕೀಲಿಮಣೆಗೆ ನಮಸ್ಕರಿಸಿ ಹತ್ತೂ ಬೆರಳು ಇಟ್ಟಳು. ಆಮೇಲೆ ಅದರ ಕಡೆ ಒಮ್ಮೆಯೂ ನೋಡಲಿಲ್ಲ! ಪಟಪಟನೆ ಬೆರಳು ಓಡುತ್ತಿದ್ದವು. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಾನು ಈಗಲೂ ಎರಡು ಬೆರಳಿನಲ್ಲಿ, ಅಕ್ಷರ ಹುಡುಕಿ ಕನ್ನಡ ಟೈಪ್ ಮಾಡುವವಳು. ಪರದೆಯ ಮೂಲೆಯಲ್ಲಿ ಆ ಹಳೆಯ ತಾರೀಖು ಇತ್ತು. ಅದರ ಲೆಕ್ಕದಲ್ಲಿ ನಾನಿನ್ನೂ ಹುಟ್ಟಿರಲಿಲ್ಲ, ಅವ್ವನ ಪರೀಕ್ಷೆ ತಪ್ಪಿರಲಿಲ್ಲ. ಅವಳ ವಾಟ್ಸಾಪನ್ನು ಎಷ್ಟು ಜನಕ್ಕೆ ತೋರಿಸಿ ನಕ್ಕಿದ್ದೆ ಎಂದು ನೆನಪಾಗಿ ನನಗೆ ನಾಚಿಕೆಯಾಯಿತು. ಕಲಿತದ್ದು ಮರೆತುಹೋಗದಿರಲಿ ಎಂದು ಅವಳು ದಿನಾ ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದಳು.

ಹಳೇ ಪ್ರಿಂಟರು ಕಿರ್ರ್ ಕಿರ್ರ್ ಎಂದು ಕಾಗದ ಉಗುಳಿತು. ಅತ್ತೆ ಓದಿ ನನಗೆ ಕೊಟ್ಟಳು.

"ವಿಷಯ: ಇಪ್ಪತ್ತೈದು ವರ್ಷದ ರಜೆ ಮಂಜೂರು ಮಾಡುವ ಬಗ್ಗೆ.

ಮಾನ್ಯರೆ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಪರೀಕ್ಷೆಯ ದಿನ ಬೆಳಗಿನ ಜಾವ ನನಗೆ ಮಗಳು ಹುಟ್ಟಿದ್ದರಿಂದ ಹಾಜರಾಗಲು ಆಗಲಿಲ್ಲ. ಸದರಿ ಮಗಳು ಈಗ ದೊಡ್ಡವಳಾಗಿದ್ದು, ಕಂಪ್ಯೂಟರಿನ ಕೆಲಸದಲ್ಲಿದ್ದಾಳೆ. ಇನ್ನು ನನಗೆ ರಜೆ ಬೇಕಾಗಿಲ್ಲ. ಕಾರಣ ಹಿಂದಿನ ರಜೆಯನ್ನು ಮಂಜೂರು ಮಾಡಿ, ನನ್ನನ್ನು ಇಂದಿನಿಂದ ಹಾಜರು ಮಾಡಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಧೇಯಳು,
ಸಹಿ/-"

ನಾನು ಹೊರಗೆ ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡೆ, ಎರಡು ಸಲ. ತಿರುಗಿ ಬಂದರೆ ಅತ್ತೆ ಹೊಸ್ತಿಲಲ್ಲೇ ತಡೆದಳು. "ಮುಖಾ ತೊಳದಿ. ಕಾಲ?" ಮತ್ತೆ ಹೋಗಿ ಕಾಲು ತೊಳೆದು ಬಂದೆ.

ಅತ್ತೆ ಪತ್ರದ ಮೂಲೆಯಲ್ಲಿ ಕೆಂಪು ಶಾಯಿಯಿಂದ "ಮಂಜೂರು" ಎಂದು ಬರೆದಳು. ರಜಿಸ್ಟರಿನಲ್ಲಿ ಹದಿನಾರರ ಮುಂದೆ "ಪಾಸು" ಎಂದು ಬರೆದಳು. ನೂರಕ್ಕೆ ತೊಂಬತ್ತೆಂಟು.

"ಒಂದೂ ತಪ್ಪಿಲ್ಲ ಅತ್ತೀ! ಎರಡ ಮಾರ್ಕ ಎದಕ ಕಡದಿ?"

"ತಡಾ ಮಾಡಿ ಬಂದದ್ದಕ್ಕ. ನಿಯಮ ಅಂದ್ರ ನಿಯಮ."

ನಾನು ಜಗಳಕ್ಕೆ ನಿಂತೆ. ತಡವಾದದ್ದು ನನ್ನಿಂದ, ಅವ್ವನಿಂದಲ್ಲ ಎಂದು ಕೂಗಾಡಿದೆ. ಅವ್ವ ಮಷಿನ್ನಿನ ಮೇಲೆ ನವಿಲಿನ ಹೊದಿಕೆ ಹೊದಿಸುತ್ತ, ನನ್ನ ಕಡೆ ನೋಡಿ ನಕ್ಕಳು.

"ಇರಲಿ ಬಿಡಬೇ. ಆ ಎರಡ ಮಾರ್ಕ ನೀ ತಗೊಂಡೀದಿ. ಮನಿಯಾಗ ಉಳದಾವ."